ಇಳಿಜಾರಿನ ಬುಡದಲ್ಲಿ ಜೇನುಗಾಡಿ

ಯಲ್ಲೇಶ ಕೀಲಿ ತಿರುಗಿಸಿದಾಗ ಆರು ಗಂಟೆ ಹತ್ತು ನಿಮಿಷ. ಗಾಡಿ ಗರಗರ ತಿರುಗಿತು, ಚಾಲೂ ಆಗಲಿಲ್ಲ. ಇನ್ನೊಮ್ಮೆ ತಿರುಗಿಸಿದ. ಮತ್ತೆ ಅದೇ ಗರಗರ.

“ಥಂಡಿ ಹಿಡದೈತಿ ಅತ್ತಿ. ಎರಡ ನಿಮಿಷ ತಡಿ,” ಎಂದ.

ನಾನು ಹಿಂದೆ ನಿಂತು ಹಗ್ಗದ ಗಂಟು ಬಿಗಿಯುತ್ತಿದ್ದೆ. ಗಾಡಿಯ ತುಂಬ ನನ್ನ ಜೇನುಪೆಟ್ಟಿಗೆಗಳು, ಒಟ್ಟು ಇಪ್ಪತ್ತೆರಡು. ಹನ್ನೊಂದು ವರ್ಷದ ಹಿಂದೆ ಎರಡು ಪೆಟ್ಟಿಗೆ ತಂದು ಗುಂಜಿಯ ಈ ಕಾಡಂಚಿನಲ್ಲಿ ಇಟ್ಟಿದ್ದೆ. ಆ ಎರಡರಿಂದಲೇ ವರ್ಷಾ ವರ್ಷಾ ಪಾಲು ಮಾಡುತ್ತ ಬಂದು ಇಷ್ಟಾಗಿದ್ದವು. ಹಿಂದಿನ ಸಂಜೆ ಹುಳಗಳೆಲ್ಲ ಒಳಸೇರಿದ ಮೇಲೆ ಒಂದೊಂದು ಪೆಟ್ಟಿಗೆಯ ಬಾಗಿಲಿಗೂ ಸಣ್ಣ ತಂತಿಜಾಳಿಗೆ ಹೊಡೆದು ಮುಚ್ಚಿದ್ದೆ. ಹಾಗೆ ಮುಚ್ಚಿದ ಜೇನನ್ನು ತಂಪು ಹೊತ್ತಿನಲ್ಲೇ ಸಾಗಿಸಿ ಬಾಗಿಲು ತೆಗೆಯಬೇಕು. ಬಿಸಿಲು ಬಿದ್ದರೆ ಹುಳ ಗಾಬರಿಯಾಗಿ ರೆಕ್ಕೆ ಬಡಿಯುತ್ತವೆ. ಬಡಿದಷ್ಟೂ ಒಳಗೆ ಕಾವು ಏರುತ್ತದೆ. ಕಡೆಗೆ ಮೇಣ ಮೆತ್ತಗಾಗಿ, ತುಪ್ಪ ತುಂಬಿದ ಮೇಣದ ಎರಿ ಕುಸಿದು, ಹುಳಗಳು ತಮ್ಮ ತುಪ್ಪದಲ್ಲಿ ತಾವೇ ಮುಳುಗಿ ಸಾಯುತ್ತವೆ. ಆರಕ್ಕೆ ಹೊರಟರೆ ಎಂಟಕ್ಕೆಲ್ಲ ಬೆಳಗಾವಿ ದಾಟಿ, ಈರಣ್ಣ ಅನ್ನುವವರ, ಬೀಜಕ್ಕೆಂದು ಹೂವಿಗೆ ಬಿಟ್ಟ ಉಳ್ಳಾಗಡ್ಡಿ ಹೊಲದಲ್ಲಿ ಇಳಿಸಬಹುದು ಎಂಬುದು ನಮ್ಮ ಲೆಕ್ಕವಾಗಿತ್ತು.

ಹೊರಡಲಾಗದಿದ್ದರೆ ಇಲ್ಲೇ ಬಾಗಿಲು ತೆಗೆದು ಬಿಡುವ ಹಾಗೂ ಇರಲಿಲ್ಲ. ನನ್ನ ಹಿತ್ತಲಿಗೆ ಹತ್ತಿಕೊಂಡೇ ಬಾಳಾಸಾಹೇಬರ ಗೇರುತೋಟವಿದೆ. ಗಿಡದ ತುಂಬ ಹೂವು, ಹೂವಿಗೆ ಕೀಡೆ. ಆವತ್ತು ಹತ್ತು ಗಂಟೆಗೆ ಔಷಧ ಹೊಡೆಯುವುದಿತ್ತು, ಅದಕ್ಕೆ ಟ್ರ್ಯಾಕ್ಟರು ಖಾನಾಪುರದಿಂದ ಬರುವುದಿತ್ತು. ಬಾಗಿಲು ತೆಗೆದರೆ ಹುಳ ನೆಟ್ಟಗೆ ಆ ಹೂವಿಗೇ ಹೋಗುತ್ತವೆ. ಹೋದವು ತಿರುಗಿ ಬರುವುದಿಲ್ಲ. ಬಾಳಾಸಾಹೇಬರು ಕೆಟ್ಟವರಲ್ಲ. “ಅಮಾಸಿ ದಿನ ನಾವು ಗಾಡಿ ಹೊರಗ ತಗಿಯೂದಿಲ್ಲ” ಎಂದು ನಾನು ಹೇಳಿದ್ದಕ್ಕೆ ನನಗಾಗಿ ಒಂದು ದಿನ ಮುಂದೆ ಹಾಕಿದ್ದರು.

ಯಲ್ಲೇಶ ನನ್ನ ತಮ್ಮನ ಮಗ. ಬೆಳಗಾವಿಯಲ್ಲಿ ಇರುತ್ತಾನೆ. ಉದ್ಯಮಬಾಗದ ಫೌಂಡ್ರಿಗಳಿಂದ ಎರಕದ ಸಾಮಾನು ಹೇರುವ ಪಿಕಪ್ ಗಾಡಿ ಅವನದು. ಹಾಗಾಗಿ ಇಂಜಿನ್ನಿನ ಮೈಗೆಲ್ಲ ಕರೀ ಉಸುಕು, ಎಣ್ಣೆ, ಮಸಿ. ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡುವುದು ನಮ್ಮಲ್ಲಿ ಮೊದಲಿನಿಂದ ನಡೆದು ಬಂದಿದೆ. ಹಿಂದಿನ ದಿನ ಅವನು ಬರೀ ಮೇಲೆ ಮೇಲೆ ತೊಳೆಯುವವನಿದ್ದ. ನಾನೇ, “ಇಂಜಿನ್ನೂ ತೊಳಿಯೋ, ಆ ಎಣ್ಣಿ ವಾಸನಿ ಹುಳಕ್ಕ ಆಗಿ ಬರೂದಿಲ್ಲ,” ಎಂದೆ. ಬೋರಿನ ಪೈಪು ಹಚ್ಚಿ, ಬಾಯಿಗೆ ಬೆರಳು ಒತ್ತಿ ನೀರು ಚಿಮ್ಮಿಸಿ ಒಂದು ತಾಸು ತೊಳೆದ. ಇಂಜಿನ್ ಹೊಸದರ ಹಾಗೆ ಕಂಡಿತು. ಆಮೇಲೆ ವೈರಿನ ಪ್ಲಗ್ಗುಗಳನ್ನು ಒಂದೊಂದಾಗಿ ಬಿಚ್ಚಿ ಗಾಳಿಗೆ ಬಿಟ್ಟ. ಬಾನೆಟ್ ತೆರೆದೇ ಇತ್ತು. ಊದಿನಕಡ್ಡಿ, ಕಾಯಿ ಆದ ಮೇಲೆ ನಾನು ಮನೆದೇವರು ಮೈಲಾರಲಿಂಗನ ಹೆಸರು ಹೇಳಿ ಎರಡು ಮುಷ್ಟಿ ಭಂಡಾರ ಹಾರಿಸಿದೆ. ಭಂಡಾರ ಅಂದರೆ ಮತ್ತೇನಲ್ಲ, ದೇವರಿಗೆ ಏರಿಸಿದ ಅರಿಷಿಣ ಪುಡಿ. ನಮ್ಮ ಮನೆಯಲ್ಲಿ ಅದಿಲ್ಲದೆ ಯಾವ ಕೆಲಸವೂ ಸುರುವಾಗುವುದಿಲ್ಲ.

ಏಳು ಗಂಟೆಗೆ ಗಜಾನನನಿಗೆ ಫೋನು ಹಚ್ಚಿದೆವು. ಅವನ ಮನೆ ದೇಸೂರು, ಗ್ಯಾರೇಜು ಉದ್ಯಮಬಾಗದಲ್ಲಿ. ಯಲ್ಲೇಶನ ಗಾಡಿಗೆ ಅವನೇ ಫಿಟ್ಟರ್. ಯಲ್ಲೇಶ ಸ್ಪೀಕರ್ ಹಾಕಿದ.

“ಇಂಜಿನ್ ತೊಳದೇನು?” ಎಂದ ಗಜಾನನ, ಮೊದಲ ಮಾತಿಗೇ.

“ಸ್ವಲ್ಪ ನೀರ ಹೊಡದೀನಿ.”

“ನಿನ್ನ ಸ್ವಲ್ಪ ನನಗ ಗೊತ್ತೈತಿ. ಎಮ್ಮಿ ಮೈ ತೊಳದಂಗ ತೊಳದಿರ್ತಿ. ತೊಳದ ಮ್ಯಾಲ ಒಮ್ಮೆರೆ ಚಾಲೂ ಆಗಿತ್ತೇನು?”

“ಆಗಿತ್ತು. ಪೂಜಾ ಮಾಡಿ ಲಿಂಬಿಹಣ್ಣ ದಾಟಿಸೀನಲ್ಲ.”

“ಇಲ್ಲ,” ಎಂದೆ ನಾನು. “ಲಿಂಬಿಹಣ್ಣ ದಾಟಿಸಿದ್ದು ಉರಳಿಸಿ. ಅಂಗಳ ಇಳಕಲ ಐತಿ ಅಂತ ಬ್ರೇಕ್ ಬಿಟ್ಟಿ. ಕೀಲಿ ಮುಟ್ಟಿಲ್ಲ ನೀ.”

ಯಲ್ಲೇಶ ನನ್ನ ಮುಖ ನೋಡಿದ. ಗಜಾನನ ಆ ಕಡೆಯಿಂದ ನಕ್ಕ.

“ಅವ್ವಾರ ಮಾತು ಲಕ್ಷ ಕೊಡು. ಅಂದ್ರ ತೊಳದಾಗಿಂದ ಅದು ಉಸರ ಬಿಟ್ಟಿಲ್ಲ. ನೀರಿನ ಕೆಲಸ ಇದು. ಬ್ಯಾಟರಿ ತಲಿ ನೋಡು, ಫ್ಯೂಜ್ ಡಬ್ಬಿ ತಗಿ, ಏರ್ ಫಿಲ್ಟರ್ ತಗಿ. ಎಲ್ಲಾ ಪ್ಲಗ್ ಬಿಚ್ಚಿ ಒರಸಿ ಹಾಕು. ಎಲ್ಲಾ ಅಂದ್ರ ಎಲ್ಲಾ. ಸುಮ್ಮನ ಕೀಲಿ ತಿರವಬ್ಯಾಡ, ಬ್ಯಾಟರಿ ಇಳೀತಂದ್ರ ದೇವರೂ ಎಬ್ಬಸೂದಿಲ್ಲ ಅದನ್ನ. ಮತ್ತ, ಉರಳಿಸಿ ಚಾಲೂ ಮಾಡಾಕ ಹೋಗಬ್ಯಾಡ. ಈ ಇಂಜಿನ್ನಿಗೆ ಅದು ನಡಿಯೂದಿಲ್ಲ.”

“ನೀ ಬರ್ತಿಯೇನು?”

“ಸಾಲಿ ಬಸ್ಸಿನ ಇಂಜಿನ್ ಬಿಚ್ಚಿ ಕುಂತೀನಿ. ಹನ್ನೆರಡರ ಮ್ಯಾಲ.”

ಬೇರೆ ಗಾಡಿಗೂ ಕೇಳಿ ನೋಡಿದೆವು. ಕಬ್ಬಿನ ದಿನಗಳು, ಖಾನಾಪುರದ ಟೆಂಪೋಗಳೆಲ್ಲ ಕಾರ್ಖಾನೆಯ ಸಾಲಿನಲ್ಲಿ ನಿಂತಿದ್ದವು. ಮಧ್ಯಾಹ್ನ ನೋಡೋಣ ಎಂದರು.

ಯಲ್ಲೇಶ ಹೇಳಿದ್ದನ್ನೆಲ್ಲ ಮಾಡಿದ. ಫ್ಯೂಜ್ ಡಬ್ಬಿಯಲ್ಲಿ ಒಂದು ಬೊಗಸೆ ನೀರಿತ್ತು, ಅದನ್ನು ಚೆಲ್ಲಿ ಹಳೇ ಬನಿಯನ್ನಿನಿಂದ ಒರೆಸಿದ. ಏರ್ ಫಿಲ್ಟರ್ ಒಣಗಿತ್ತು. ಆ ಹೊತ್ತಿಗೆ ಪೆಟ್ಟಿಗೆಗಳ ಮೇಲೆ ಇನ್ನೂ ಹಲಸಿನ ಗಿಡದ ನೆರಳಿತ್ತು. ನಾನು ಒಂದು ಪೆಟ್ಟಿಗೆಗೆ ಕಿವಿಯಿಟ್ಟೆ. ಸಣ್ಣ ಶಬ್ದ, ದೂರದಲ್ಲಿ ಯಾರೋ ಗಿರಣಿ ನಡೆಸಿದ ಹಾಗೆ. ಭಯಪಡುವಂಥದ್ದಲ್ಲ. ಎಂಟಕ್ಕೆ ಮತ್ತೆ ಕೀಲಿ ತಿರುಗಿಸಿದ. ಗರಗರ ಎಂದಿತು, ಈ ಸಲ ತುಸು ನಿಧಾನ.

“ಅತ್ತಿ, ಇಳಕಲದಾಗ ಬಿಟ್ಟ ನೋಡೂಣು,” ಎಂದ.

“ಬ್ಯಾಡ ಅಂದಾನಲ್ಲೋ ಅಂವಾ.”

“ಅಂವಾ ಅಲ್ಲಿ ಕುಂತ ಅಂತಾನ. ಉದ್ಯಮಬಾಗದಾಗ ಹತ್ತ ಸಲ ಹಿಂಗ ಎಬ್ಬಿಸೀನಿ ನಾ.”

ನಾನು ಕೀಲಿ ಕಸಿದುಕೊಳ್ಳಬೇಕಿತ್ತು. ಆದರೆ ಹೊತ್ತು ಏರುತ್ತಿತ್ತು. ನನ್ನೊಳಗೂ, ಆದರೆ ಆಗಲಿ ಎಂಬ ಆಸೆ ಇತ್ತು. ಸುಮ್ಮನಿದ್ದೆ. ಸುಮ್ಮನಿದ್ದದ್ದನ್ನೇ ಅವನು ಒಪ್ಪಿಗೆ ಎಂದು ತಿಳಿದ. ಬ್ರೇಕು ಬಿಟ್ಟ. ಗಾಡಿ ಅಂಗಳದಿಂದ ಕೆಳಗಿನ ಬಂಡಿದಾರಿಗೆ ಇಳಿಯಿತು, ಜೋರು ಹಿಡಿಯಿತು. ನಡುವೆ ಎರಡು ಸಲ ಗಕ್ಕನೆ ಜಗ್ಗಿತು. ಹಗ್ಗ ಕಿರುಗುಟ್ಟಿತು, ಪೆಟ್ಟಿಗೆಗಳೆಲ್ಲ ಒಮ್ಮೆಗೇ ಗುಂಯ್ ಎಂದವು. ಇಂಜಿನ್ ಮಾತ್ರ ಏಳಲಿಲ್ಲ. ಗಾಡಿ ಇಳಿಜಾರಿನ ಬುಡದ ಬಯಲಿಗೆ ಹೋಗಿ ನಿಂತಿತು.

ಅಲ್ಲಿ ಒಂದು ಗಿಡವೂ ಇರಲಿಲ್ಲ. ಮೂಡಣ ಬಿಸಿಲು ನೇರ ಪೆಟ್ಟಿಗೆಗಳಿಗೆ ಬೀಳುತ್ತಿತ್ತು. ಅಲ್ಲಿ ಫೋನಿಗೆ ರೇಂಜೂ ಸಿಗುತ್ತಿರಲಿಲ್ಲ. ನಾಲ್ಕು ಆಳು ಇದ್ದರೂ ಹೇರಿದ ಗಾಡಿಯನ್ನು ಮೇಲೆ ತಳ್ಳಲಾಗದು. ಇಳಿಸಿ ಹೊರೋಣವೆಂದರೆ ಸಮೀಪದ ನೆರಳು ಗೇರುತೋಟದ್ದೇ.

ಯಲ್ಲೇಶ ಸ್ಟೇರಿಂಗ್ ಮೇಲೆ ಹಣೆ ಇಟ್ಟುಕೊಂಡು ಕೂತ. ನಾನು ಬೈಯಲಿಲ್ಲ. ಮನೆಗೆ ಹೋಗಿ ಗೋಣಿಚೀಲ ತಂದೆ, ಹೊಂಡದಲ್ಲಿ ಅದ್ದಿ ಅದ್ದಿ ಪೆಟ್ಟಿಗೆಗಳ ಮೇಲೆ ಹೊದಿಸಿದೆ. ಮೂರು ಕೊಡ ನೀರು ಹೊತ್ತೆ. ಮೊದಲು ಹೊದಿಸಿದ ಚೀಲ ಕಡೆಯದು ಹೊದಿಸುವುದರಲ್ಲಿ ಒಣಗಿತ್ತು.

ಆಮೇಲೆ ಫೋನು ತೆಗೆದುಕೊಂಡು ಇಳಿಜಾರಿನ ನಡುವಿನ ಒಡ್ಡು ಹತ್ತಿದೆ. ಅಲ್ಲಿ ನಿಂತರೆ ರೇಂಜು ಸಿಗುತ್ತದೆ, ಕೂಗಿದರೆ ಗಾಡಿಗೂ ಕೇಳಿಸುತ್ತದೆ. ಗಜಾನನ ಹೇಳಿದ್ದನ್ನು ನಾನು ಕೆಳಗೆ ಕೂಗುವುದು, ಯಲ್ಲೇಶ ಕೂಗಿದ್ದನ್ನು ಫೋನಿಗೆ ಹೇಳುವುದು.

“ಉರಳಿಸಿದ್ರೇನು?” ಎಂದು ಗಜಾನನ ಕೇಳಿದ.

“ಹೂಂ.”

“ಇರಲಿ. ಸ್ಟಾರ್ಟರ್ ತಿರಗತೈತಿ ಅಂದಮ್ಯಾಲ ಬ್ಯಾಟರಿ ಸುದ್ದ ಐತಿ. ಡೀಸೆಲ್ ಬರವಲ್ದು. ಡೀಸೆಲ್ ಪಂಪಿಗೆ ಹೋಗೂ ಪ್ಲಗ್ ಕೂಡಿಲ್ಲ ಅಂದ್ರ ಹಿಂಗ ಆಗತೈತಿ, ಸುಮ್ಮನ ತಿರಗತೈತಿ, ಹತ್ತೂದಿಲ್ಲ. ಎಲ್ಲಾ ಪ್ಲಗ್ ಬಿಚ್ಚಿ ಒರಸ್ಯಾನೇನು ಕೇಳ್ರಿ.”

ಕೂಗಿದೆ. “ಎಲ್ಲಾ ಒರಸೀನಿ!” ಎಂದು ಕೆಳಗಿನಿಂದ ಬಂತು.

“ಎಲ್ಲಾ ಒರಸ್ಯಾನಂತ.”

“ಇನ್ನೊಮ್ಮೆ ಒರಸಂತ ಹೇಳ್ರಿ.”

ಹೀಗೆ ಒಂಬತ್ತೂ ಕಾಲು ಆಯಿತು. ಮೂರು ಸಲ ಒರೆಸಿ ಎರಡು ಸಲ ಕೀಲಿ ತಿರುಗಿಸಿದ. ಎರಡನೇ ಸಲ ಗರಗರ ಅನ್ನುವುದು ಗುರ್... ಗುರ್... ಎಂದು ಬಿಡಿಬಿಡಿಯಾಗಿ ಕೇಳಿಸಿತು.

ಬಾಳಾಸಾಹೇಬರು ತೋಟದ ಬೇಲಿಯಿಂದ ಇಳಿದು ಬಂದರು. ತಲೆಗೆ ಟವೆಲು ಸುತ್ತಿದ್ದರು, ಮೂಗಿನ ಮೇಲೆ ಎಳೆದುಕೊಳ್ಳುವ ಮುಖಕವಚ ಕೊರಳಲ್ಲಿ ಜೋತು ಬಿದ್ದಿತ್ತು.

“ಕಾಯ ಝಾಲಂ ಮಾವಶಿ, ಏನಾತು? ಅಮಾಸಿ ಮುಗದು ಪಾಡ್ಯಾ ಬಂತು, ಇನ್ನೂ ಇಲ್ಲೇ ಅದೀರಿ?”

“ಗಾಡಿ ಏಳವಲ್ದ್ರಿ.”

“ನನ್ನ ಟ್ರ್ಯಾಕ್ಟರ್ ಬಂತು. ಟಾಕಿಯೊಳಗ ಔಷಧ ಕಲಸೇವಿ, ಇಟ್ಟರ ಕೆಡತೈತಿ. ನಾಳಿಗೆ ಆ ಟ್ರ್ಯಾಕ್ಟರ್ ಕಣಕುಂಬಿಗೆ ಹೋಗತೈತಿ.” ಪೆಟ್ಟಿಗೆಗಳನ್ನು ನೋಡಿದರು. ಜಾಳಿಗೆಗೆ ಒಳಗಿನಿಂದ ಹುಳ ಗಡ್ಡದ ಹಾಗೆ ಜೋತುಬಿದ್ದಿದ್ದವು. “ಎಷ್ಟೊತ್ತ ಬೇಕು ನಿಮಗ?”

“ಅರ್ಧ ತಾಸು ಹೆಚ್ಚ ಕೊಡ್ರಿ.”

“ಹತ್ತೂವರಿ. ಅದರ ಮ್ಯಾಲ ಆಗೂದಿಲ್ಲ ಮಾವಶಿ, ಖರೇನ ಆಗೂದಿಲ್ಲ.” ಹೋದವರು ಒಂದು ತಾಡಪತ್ರಿ ಹಿಡಿದು ತಿರುಗಿ ಬಂದು, ಅದನ್ನು ಗಾಡಿಯ ಬಿಸಿಲ ಬಾಜುವಿಗೆ ಎರಡು ಬಡಿಗೆ ನಿಲ್ಲಿಸಿ ಕಟ್ಟಿಕೊಟ್ಟರು. ಯಲ್ಲೇಶನಿಗೆ, “ಏನಲೇ ಉದ್ಯಮಬಾಗ ಇಂಜಿನಿಯರ, ತೊಳಿಯೂದು ಕಲತಿ, ಎಬ್ಬಸೂದು ಕಲೀಲಿಲ್ಲ?” ಎಂದು ಹೇಳಿ ಹೋದರು.

ಮುಕ್ಕಾಲು ತಾಸಿನಲ್ಲಿ ಶಬ್ದ ಬದಲಾಯಿತು. ಗಿರಣಿಯ ಶಬ್ದ ಹೋಗಿ ಪೆಟ್ಟಿಗೆಗಳೊಳಗೆ ಏನೋ ಕುದಿಯುವಂಥ ಶಬ್ದ ಬಂತು. ಕ್ಯಾಬಿನ್ನಿಗೆ ಹತ್ತಿದ ಸಾಲಿನಲ್ಲಿ ಕೈಯಿಟ್ಟರೆ ಹಲಗೆ ಬೆಚ್ಚಗಿತ್ತು. ಒಂದು ಪೆಟ್ಟಿಗೆಯ ತಳದಿಂದ ಮೇಣದ ವಾಸನೆ ಬರುತ್ತಿತ್ತು.

“ಬಾಗಲಾ ತಗದುಬಿಡು ಅತ್ತಿ,” ಎಂದ ಯಲ್ಲೇಶ. “ಹಾರಿ ಹೋಗಲಿ. ಒಳಗ ಬೇಯೂದಕ್ಕಿಂತ ಪಾಡ.”

“ಹಾರಿ ಎಲ್ಲಿ ಹೋಗತಾವು? ಆ ಹೂವಿಗೆ. ಇನ್ನ ಅರ್ಧ ತಾಸಿನಾಗ ಅಲ್ಲಿ ವಿಷ ಬೀಳತೈತಿ.”

“ಹಂಗಾರ ಏನ ಮಾಡೂದು ಹೇಳು. ನೀನ ತೊಳಿ ಅಂದಿ. ವಾಸನಿ ಅಂದಿ, ಹುಳ ಅಂದಿ. ಈಗ ನಾನ ಕೆಟ್ಟಾಂವ ಆಗೇನಿ.”

“ಯಾರ ಅಂದ್ರು ಕೆಟ್ಟಾಂವ ಅಂತ?”

“ಅನಬೇಕಾಗಿಲ್ಲ. ಸುಮ್ಮನ ನಿಂತ ನೋಡತಿಯಲ್ಲ, ಸಾಕು ಅದು.”

ಅವನ ಕಣ್ಣು ಕೆಂಪಾಗಿದ್ದವು. ಕೈ ಮೊಣಕೈತನಕ ಮಸಿ. ನಾಲ್ಕು ತಾಸಿನಿಂದ ನೀರೂ ಕುಡಿದಿರಲಿಲ್ಲ. ತಂಬಿಗೆ ಕೊಟ್ಟೆ, ಕುಡಿದ. ಆಗ ನನಗೆ ಒಂದು ಮಾತು ಹೊಳೆಯಿತು. ಬೆಳಗಿನಿಂದ ಎಲ್ಲವನ್ನೂ ಕೂಗಿ ಹೇಳಿದ್ದೇನೆ, ಕೂಗಿದ್ದನ್ನು ಕೇಳಿದ್ದೇನೆ. ಇಂಜಿನ್ನನ್ನು ಮಾತ್ರ ನನ್ನ ಕಣ್ಣಿನಿಂದ ಒಮ್ಮೆಯೂ ನೋಡಿಲ್ಲ.

“ನೀ ಒಡ್ಡಿನ ಮ್ಯಾಲ ಹೋಗಿ ಫೋನ್ ಹಿಡಿ,” ಎಂದೆ. “ನಾ ಇಲ್ಲಿ ನೋಡತೀನಿ.”

“ನಿನಗ ಏನ ತಿಳೀತೈತಿ ಅದರಾಗ?”

“ತಿಳಿಯೂದಿಲ್ಲ. ಅಂವಾ ಹೇಳಲಿ, ನಾ ನೋಡತೀನಿ.”

ಅವನು ಹೋದ. ನಾನು ಬಾನೆಟ್ಟಿನ ಕೆಳಗೆ ಬಾಗಿದೆ. ನನಗೆ ಇಂಜಿನ್ನಿನ ಒಂದು ಭಾಗದ ಹೆಸರೂ ಗೊತ್ತಿಲ್ಲ. ಆದರೆ ಕೈ ಆಡಿದ ಜಾಗ, ಆಡದ ಜಾಗ ಯಾವುದು ಎಂಬುದು ಯಾರಿಗಾದರೂ ಗೊತ್ತಾಗುತ್ತದೆ. ಎಡಗಡೆಯಿಂದ ಸುರು ಮಾಡಿದೆ. ಒಂದು ಪ್ಲಗ್ಗು, ಬಟ್ಟೆಯಿಂದ ಒರೆಸಿದ ಗುರುತು ಇತ್ತು. ಎರಡನೆಯದು, ಮೂರನೆಯದು ಹಾಗೇ. ಕರ್ರಗೆ ಹೊಳೆಯುತ್ತಿದ್ದವು. ಬಲಬಾಜುವಿಗೆ, ಒಂದು ಸಣ್ಣ ಪೈಪಿನ ಬುಡದಲ್ಲಿ, ಹೆಬ್ಬೆರಳಿನಷ್ಟು ಇನ್ನೊಂದು ಇತ್ತು. ಅದು ಕರ್ರಗಿರಲಿಲ್ಲ. ಅದರ ಮೇಲೂ ಸುತ್ತಲೂ ನಿನ್ನೆಯ ಭಂಡಾರ ನೀರಿನಲ್ಲಿ ನೆನೆದು, ಒಣಗಿ, ಕೆರೆಯ ತಳದ ಮಣ್ಣಿನಂತೆ ಬಿರಿದು ಕೂತಿತ್ತು. ಆ ಬಿರುಕುಗಳೊಂದೂ ಕದಲಿರಲಿಲ್ಲ. ನಿನ್ನೆಯಿಂದ ಅದಕ್ಕೆ ಯಾರ ಕೈಯೂ ಹತ್ತಿಲ್ಲ.

“ಯಲ್ಲ್ಯಾ,” ಎಂದು ಕೂಗಿದೆ. “ಬಲಬಾಜೂಕಿನ ಹಳದಿ ಪ್ಲಗ್ ಬಿಚ್ಚಿದ್ದೇನು?”

ಒಡ್ಡಿನ ಮೇಲಿಂದ ಉತ್ತರ ಬಂತು. “ಅದರ ಮ್ಯಾಲ ಭಂಡಾರ ಐತೆಲ್ಲ ಅತ್ತಿ.”

ನಾನು ಅವನ ಮೇಲೆ ತಪ್ಪು ಹೊರಿಸಲಾರೆ. ಭಂಡಾರ ಬಿದ್ದಲ್ಲಿಂದ ನಾವು ಒರೆಸುವುದಿಲ್ಲ, ಗುಡಿಸುವುದಿಲ್ಲ. ಹಣೆಗೆ ಹಚ್ಚಿಕೊಳ್ಳುತ್ತೇವೆ, ಉಳಿದದ್ದು ತಾನೇ ಹೋಗಲಿ ಎಂದು ಬಿಡುತ್ತೇವೆ. ಅವನು ಸಣ್ಣವನಿದ್ದಾಗ ಅಂಗಳದಲ್ಲಿ ಬಿದ್ದ ಭಂಡಾರದ ಮೇಲೆ ಕಸಬರಿಗೆ ಆಡಿಸಿದ್ದಕ್ಕೆ ಬೆನ್ನಿಗೆ ಒಂದು ಕೊಟ್ಟವಳು ನಾನೇ. ಎಲ್ಲಾ ಪ್ಲಗ್ ಒರೆಸಿದ್ದೇನೆ ಎಂದು ಅವನು ಹೇಳಿದ್ದು ಸುಳ್ಳಲ್ಲ. ಹಳದಿಯದು ಅವನ ಲೆಕ್ಕದಲ್ಲಿ ಒರೆಸುವಂಥದ್ದೇ ಆಗಿರಲಿಲ್ಲ.

ನಿನ್ನೆ ಭಂಡಾರ ಹಾರಿಸಿದಾಗ ಪ್ಲಗ್ಗುಗಳೆಲ್ಲ ಬಾಯಿ ತೆರೆದುಕೊಂಡಿದ್ದವು. ಪೂಜೆ ಮುಗಿದ ಮೇಲೆ ಅವನು ಒಂದೊಂದಾಗಿ ಒತ್ತಿ ಹಾಕಿದ್ದ. ಅದರೊಳಗೆ ಏನು ಬಿತ್ತು ಎಂದು ಅವನೂ ನೋಡಿಲ್ಲ, ನಾನೂ ನೋಡಿಲ್ಲ.

“ಗಜಾನನಗ ಹೇಳು,” ಎಂದು ಕೂಗಿದೆ. “ನಾ ಹಾರಿಸಿದ ಭಂಡಾರ ಪ್ಲಗ್ಗಿನೊಳಗ ಹೋಗಿರಬೇಕು ಅಂತ ಹೇಳು.”

ಯಲ್ಲೇಶ ಫೋನಿಗೆ ಹೇಳಿದ, ಕೇಳಿಸಿಕೊಂಡ. “ಅದು ಪಂಪಿನ ಪ್ಲಗ್ ಅಂತ ಅತ್ತಿ! ಬಾಜೂಕ ಒಂದ ನಾಲಿಗಿ ಇರತೈತಂತ, ಒತ್ತಿ ಜಗ್ಗು ಅಂತಾನ. ವೈರ್ ಹಿಡದ ಜಗ್ಗಬ್ಯಾಡ ಅಂತಾನ!”

ಬೆರಳಿನಿಂದ ಮೇಲಿನ ಭಂಡಾರವನ್ನು ತೆಗೆದು ಹಣೆಗೆ ಹಚ್ಚಿಕೊಂಡೆ. ನಾಲಿಗೆ ಒತ್ತಿದೆ, ಬರಲಿಲ್ಲ. ಇನ್ನೊಮ್ಮೆ ಒತ್ತಿ ಹಿಡಿದು ಜಗ್ಗಿದೆ. ಚಟಕ್ ಎಂದು ಕೈಗೆ ಬಂತು. ಒಳಗೆ ಎರಡು ಸಣ್ಣ ತೂತು ಇರಬೇಕಾದಲ್ಲಿ ಹಳದಿ ಹಿಟ್ಟು ಗಟ್ಟಿಯಾಗಿ ತುಂಬಿತ್ತು.

ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಸ್ವಲ್ಪ ಸ್ವಲ್ಪವಾಗಿ ಕೆದಕಿದೆ. ಅವಸರ ಮಾಡಿದರೆ ಒಳಗಿನ ತಗಡು ಮುರಿಯುತ್ತದೆ ಎಂದು ಯಲ್ಲೇಶ ಕೂಗಿ ಹೇಳುತ್ತಿದ್ದ. ಬೆನ್ನ ಹಿಂದೆ ಪೆಟ್ಟಿಗೆಗಳು ಕುದಿಯುತ್ತಿದ್ದವು. ಕೆದಕಿ, ಊದಿ, ಸೆರಗಿನ ತುದಿ ಹೊಸೆದು ಒಳಗೆ ತಿರುವಿ ತೆಗೆದೆ. ಹಳದಿ ಬಂತು. ಮತ್ತೆ ತಿರುವಿದೆ. ಅರಿಷಿಣ ಬರುವುದು ನಿಲ್ಲುವತನಕ ಬಿಡಲಿಲ್ಲ. ಬೆಳ್ಳಗೆ ತಗಡು ಕಂಡಿತು. ಪ್ಲಗ್ಗು ಒತ್ತಿ ಕೂಡಿಸಿದೆ, ಮತ್ತೆ ಚಟಕ್ ಎಂದಿತು.

ಯಲ್ಲೇಶ ಇಳಿಜಾರನ್ನು ಓಡಿ ಇಳಿದು ನೇರ ಕ್ಯಾಬಿನ್ನಿಗೆ ಹತ್ತಿದ. ನಾನು ಕಿಟಕಿಯಿಂದ ಕೈ ಹಾಕಿ ಕೀಲಿ ಕಿತ್ತುಕೊಂಡೆ.

“ಬ್ಯಾಟರಿ ಎಷ್ಟ ಉಳದೈತಿ?”

“ಒಂದ ಸಲಕ್ಕ ಅಷ್ಟ. ಹತ್ತ ನಿಮಿಷ ಬಿಟ್ಟ ತಿರವು ಅಂದ ಗಜಾನನ, ಸ್ವಲ್ಪ ಜೀವ ತುಂಬಿಕೊಳ್ಳತೈತಂತ. ಆದ್ರ ಅತ್ತಿ, ಹತ್ತೂ ಹದಿನೆಂಟ ಆಗೈತಿ.”

“ಹಂಗಾರ ಹತ್ತೂ ಇಪ್ಪತ್ತೆಂಟಕ್ಕ ತಿರವೂಣು.”

“ಆ ಶಬ್ದ ಕೇಳವಲ್ದೇನು ನಿನಗ?”

“ಕೇಳತೈತಿ.”

ಕೀಲಿ ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತೆ. ನನ್ನ ಬದುಕಿನಲ್ಲಿ ಬಹಳ ಕಾದಿದ್ದೇನೆ. ಆ ಹತ್ತು ನಿಮಿಷದಂಥ ಕಾಯುವುದು ಯಾವುದೂ ಆಗಿರಲಿಲ್ಲ. ಯಲ್ಲೇಶ ಹಗ್ಗ ಬಿಗಿದ, ತಾಡಪತ್ರಿ ಬಿಚ್ಚಿದ, ಮಾಡಲು ಏನೂ ಉಳಿಯದೆ ನನ್ನ ಕೈಯನ್ನೇ ನೋಡುತ್ತ ನಿಂತ. ತೋಟದ ಮೇಲಂಚಿನಲ್ಲಿ ಟ್ರ್ಯಾಕ್ಟರಿನ ಪಂಪು ಚಾಲೂ ಆಯಿತು. ಬಾಳಾಸಾಹೇಬರು ಬೇಲಿಯ ಹತ್ತಿರ ಬಂದು ಕೈ ಎತ್ತಿ ಗಡಿಯಾರ ತೋರಿಸಿದರು. ನಾನೂ ಕೈ ಎತ್ತಿದೆ.

ಹತ್ತೂ ಇಪ್ಪತ್ತೆಂಟಕ್ಕೆ ಕೀಲಿ ಕೊಟ್ಟೆ. “ಒಮ್ಮೆ. ನಿಲ್ಲಿಸಬ್ಯಾಡ ನಡುವ.”

ಗುರ್ ಎಂದಿತು. ನಿಂತಿತೇನೋ ಅನ್ನಿಸಿತು. ಮತ್ತೆ ಗುರ್. ಮೂರನೆಯದು ಬರಲಿಕ್ಕೆ ಎಷ್ಟು ತಡವಾಯಿತೆಂದರೆ ಯಲ್ಲೇಶ ಕಣ್ಣು ಮುಚ್ಚಿಕೊಂಡ. ಮೂರನೆಯದರ ಬೆನ್ನಿಗೆ ಒಂದು ಕೆಮ್ಮು, ಕರೀ ಹೊಗೆ, ಇನ್ನೊಂದು ಕೆಮ್ಮು, ಆಮೇಲೆ ಇಂಜಿನ್ ಒಂದೇ ಸಮನೆ ಕೂಗತೊಡಗಿತು.

“ಗಾಡಿ ಹತ್ತು ಅತ್ತಿ,” ಎಂದ ಯಲ್ಲೇಶ.

ಬಂಡಿದಾರಿಯ ತಿರುವಿನಲ್ಲಿ ಕನ್ನಡಿಯಲ್ಲಿ ನೋಡಿದೆ. ಗೇರುಗಿಡಗಳ ಮೇಲೆ ಬೆಳ್ಳನೆಯ ಹೊಗೆಯಂತೆ ಔಷಧ ಏರುತ್ತಿತ್ತು. ಗಾಳಿ ನಮ್ಮಿಂದ ಆ ಕಡೆಗೆ ಬೀಸುತ್ತಿತ್ತು.

ಗಾಡಿ ಓಡತೊಡಗಿದ ಮೇಲೆ ಪೆಟ್ಟಿಗೆಗಳ ಸಂದಿಯಲ್ಲಿ ಗಾಳಿ ಆಡಿತು. ಖಾನಾಪುರದಲ್ಲಿ ನಿಲ್ಲಲಿಲ್ಲ. ದೇಸೂರಿನ ಹತ್ತಿರ ರಸ್ತೆ ಬದಿಗೆ ಗಜಾನನ ನಿಂತಿದ್ದ, ಬಸ್ಸಿನ ಕೆಲಸ ಬಿಟ್ಟು ಬಂದಿದ್ದ. ಇಂಜಿನ್ ಬಂದ್ ಮಾಡದೆ ಬಾನೆಟ್ ಎತ್ತಿದೆವು. ಹಳದಿ ಉಳಿದಿದ್ದ ಆ ಪ್ಲಗ್ಗನ್ನು ಬಾಗಿ ನೋಡಿದ, ನನ್ನ ಹಣೆಯನ್ನೂ ನೋಡಿದ.

“ನೀರ ಹೊಕ್ಕಿದ್ದು ನೋಡೀನಿ, ಇಲಿ ಹೊಕ್ಕಿದ್ದು ನೋಡೀನಿ. ದೇವರ ಹೊಕ್ಕಿದ್ದು ಇದ ಮೊದಲ,” ಎಂದ. “ಹೋಗ್ರಿ, ನಿಲ್ಲಬ್ಯಾಡ್ರಿ.”

ಬೆಳಗಾವಿ ದಾಟಿ ಉಳ್ಳಾಗಡ್ಡಿ ಹೊಲ ಮುಟ್ಟಿದಾಗ ಹನ್ನೆರಡು ಗಂಟೆ. ಈರಣ್ಣನವರು ಬದುವಿನ ಬೇವಿನ ಗಿಡದ ಕೆಳಗೆ ನೆಲ ತೊಯ್ಸಿ ಇಟ್ಟಿದ್ದರು. ಒಂದೊಂದೇ ಇಳಿಸಿ ಜಾಳಿಗೆ ಕಿತ್ತೆ. ಹತ್ತೊಂಬತ್ತು ಪೆಟ್ಟಿಗೆಗಳಿಂದ ಹುಳ ನೀರು ಸುರಿದ ಹಾಗೆ ಹೊರಗೆ ಬಂದವು. ಎರಡರಿಂದ ನಿಧಾನವಾಗಿ, ತಡವರಿಸುತ್ತ ಬಂದವು, ಆದರೆ ಬಂದವು. ಕ್ಯಾಬಿನ್ನಿಗೆ ಹತ್ತಿದ ಸಾಲಿನ ಒಂದರಿಂದ ಏನೂ ಬರಲಿಲ್ಲ. ಮುಚ್ಚಳ ತೆಗೆದರೆ ಎರಿ ಕುಸಿದು, ತುಪ್ಪದಲ್ಲಿ ಹುಳ ರಾಶಿಯಾಗಿ ಅಂಟಿಕೊಂಡಿದ್ದವು. ಹೋದ ವರ್ಷ ಪಾಲು ಮಾಡಿದ ಪೆಟ್ಟಿಗೆ ಅದು. ಬೆಳಿಗ್ಗೆ ನಾನು ಕಿವಿಯಿಟ್ಟು ಕೇಳಿದ್ದೂ ಅದನ್ನೇ ಇರಬೇಕು. ಮುಚ್ಚಳ ಮುಚ್ಚಿ ಬೇರೆ ಕಡೆ ಇಟ್ಟೆ.

ಯಲ್ಲೇಶ ಆ ಪೆಟ್ಟಿಗೆ ನೋಡಿದ. ಗಾಡಿ ಇನ್ನೂ ಚಾಲೂ ಇತ್ತು.

“ಬಂದ್ ಮಾಡ್ಲ್ಯಾ?” ಎಂದು ಕೇಳಿದ. “ಮತ್ತ ಏಳದಿದ್ರ?”

“ಏಳದಿದ್ರ ಇಲ್ಲೇ ನೆರಳ ಐತಿ. ಮಾಡು.”

ಬಂದ್ ಮಾಡಿದ. ಇಂಜಿನ್ನಿನ ಸದ್ದು ನಿಂತು ಹೊಲದ ಶಬ್ದ ಕೇಳಿಸಿತು. ಬಿಳೀ ಹೂವಿನ ಮೇಲೆ ಆಗಲೇ ಹುಳ ಕೂತಿದ್ದವು. ಅವನು ನನ್ನ ಉಗುರುಸಂದಿಯ ಹಳದಿಯನ್ನು ನೋಡಿದ.

“ಮುಂದಿನ ಅಮಾಸಿಗೆ ಏನ ಮಾಡೂದು ಅತ್ತಿ?”

“ತೊಳಿ. ಪ್ಲಗ್ ಹಾಕಿ, ಚಾಲೂ ಮಾಡಿ ನೋಡಿ, ಬಾನೆಟ್ ಮುಚ್ಚು. ಆಮ್ಯಾಲ ನನ್ನ ಕರಿ.”

ಅವನು ಕ್ಯಾಬಿನ್ನಿಗೆ ಹೋಗಿ ಕೀಲಿಗೆ ಕೈ ಹಾಕಿದ. ನಾನು ಸತ್ತ ಪೆಟ್ಟಿಗೆಯ ಎರಿಗಳನ್ನು ಒಂದೊಂದಾಗಿ ಹೊರಗೆ ತೆಗೆಯತೊಡಗಿದೆ. ಪೆಟ್ಟಿಗೆ ತೊಳೆದು ಒಣಗಿಸಿದರೆ ಮಳೆಗಾಲ ಕಳೆದ ಮೇಲೆ ಮತ್ತೆ ಪಾಲು ಮಾಡಿ ತುಂಬಬಹುದು. ನನ್ನ ಬೆನ್ನ ಹಿಂದೆ ಗಾಡಿ ಒಂದೇ ಸಲಕ್ಕೆ ಚಾಲೂ ಆಯಿತು.